ಎರಡನೇ ಮಹಡಿಯ ಕೀಲಿ

"ಒಂದೇ ಸಾಲಿಗೆ ಹದಿನೇಳು ಸಲ ಅಳಿಸಿದ್ರಿ. ಬೆರಳಿಗೆ ಇಷ್ಟೊಂದು ಕೋಪ ಯಾಕೆ?"

ಬೆನ್ನ ಹಿಂದಿನ ದನಿಗೆ ಅವಳು ಬೆಚ್ಚಿ ಕೀಬೋರ್ಡಿನಿಂದ ಕೈ ತೆಗೆದಳು. ತಿರುಗಿದರೆ ಕಪ್ಪು ಕನ್ನಡಕ, ಕೈಯಲ್ಲಿ ಬಿಳಿ ಕೋಲು.

"ಮಾಸ್ಟ್ರಿಗೆ ಕಣ್ಣು ಕಾಣಲ್ಲ ಅಂದಿದ್ರು...!" ಬಾಯಿ ಜಾರಿತು.

"ಕಿವಿ ಕೇಳಲ್ಲ ಅಂತ ಯಾರೂ ಅಂದಿಲ್ವಲ್ಲ?"

ಇಡೀ ತರಗತಿ ನಕ್ಕಿತು. ಕಿವಿ ಕೇಳದ ಇಬ್ಬರಿಗೆ ಪಕ್ಕದವರು ಕೈಸನ್ನೆಯಲ್ಲಿ ತಿಳಿಸಿದ ಮೇಲೆ ಅವರೂ ನಕ್ಕರು. ಅವಳಿಗೆ ಎರಡೆರಡು ಸಲ ಅವಮಾನವಾಯಿತು.

ಅಂಗವಿಕಲರಿಗೆ ಕಂಪ್ಯೂಟರ್ ಕಲಿಸಿ ಕೆಲಸಕ್ಕೆ ಕಳಿಸುವ ಕೇಂದ್ರ ಅದು. ಪೋಲಿಯೋದಿಂದ ಕಾಲು ಸೊರಗಿದ್ದ ಅವಳು ಎರಡು ಊರುಗೋಲು ಹಿಡಿದು, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. "ನಾಲ್ಕು ತಿಂಗಳು ಟೈಮು. ಕೆಲಸ ಸಿಗದಿದ್ರೆ ಮನೇಲೇ ಇರು, ಅತ್ತಿಗೆಗೂ ಒಂದು ಕೈ ಆಗುತ್ತೆ," ಎಂದಿದ್ದ ಅಣ್ಣ. ಮನೇಲೇ ಇರು ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಹತ್ತು ವರ್ಷ ಇದ್ದು ನೋಡಿದ್ದಳು.

ಎರಡನೇ ತಿಂಗಳಲ್ಲಿ ಅವಳೂ ತಿರುಗಿಸಿ ಕೊಟ್ಟಳು.

"ಮಾಸ್ಟ್ರೇ, ನಿಮ್ಮ ಶರ್ಟಿನ ಗುಂಡಿ ಒಂದು ಮೇಲೆ ಕೆಳಗೆ ಆಗಿದೆ."

"ಅಯ್ಯೋ! ಯಾವಾಗಿಂದ?"

"ಬೆಳಗ್ಗೆಯಿಂದ. ಮಧ್ಯಾಹ್ನದವರೆಗೆ ನೋಡಿ ಖುಷಿಪಟ್ಟೆ."

ಅವನು ನಕ್ಕ. ತನ್ನ ತಪ್ಪನ್ನು ಮುಖಕ್ಕೆ ಹೊಡೆದಂತೆ ಹೇಳುವವರು ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಅಂದಿನಿಂದ ಊಟದ ಹೊತ್ತಿಗೆ ಅವನ ಕುರ್ಚಿ ತಾನಾಗಿ ಅವಳ ಮೇಜಿನ ಹತ್ತಿರ ಬರತೊಡಗಿತು. ಅವಳಿಗೂ ಭಾನುವಾರಗಳು ಉದ್ದ ಅನ್ನಿಸತೊಡಗಿದವು...

ಕೊನೆಯ ವಾರ ಒಂದು ದೊಡ್ಡ ಕಂಪನಿಯಿಂದ ಡೇಟಾ ಎಂಟ್ರಿ ಕೆಲಸಕ್ಕೆ ಕರೆ ಬಂತು. ಸಂದರ್ಶನಕ್ಕೆ ಹೋಗುವ ಎಂಟು ಜನರ ಪಟ್ಟಿಯನ್ನು ಗೋಡೆಗೆ ಅಂಟಿಸಿದರು.

ಅವಳು ಮೂರು ಸಲ ಓದಿದಳು. ತರಗತಿಯಲ್ಲೇ ಎಲ್ಲರಿಗಿಂತ ವೇಗವಾಗಿ ಟೈಪ್ ಮಾಡುವ ಅವಳ ಹೆಸರು ಅದರಲ್ಲಿರಲಿಲ್ಲ!

"ಆಫೀಸಕ್ಕ, ನನ್ನ ಹೆಸರು ಬಿಟ್ಟುಹೋಗಿದೆ."

ಗುಮಾಸ್ತೆ ಕಡತದಿಂದ ತಲೆ ಎತ್ತಲಿಲ್ಲ. "ಬಿಟ್ಟುಹೋಗಿಲ್ಲ ಕಣೇ. ಮಾಸ್ಟ್ರೇ ತೆಗೆಸಿದ್ರು. ನಾನ್ ಹೇಳ್ದೆ ಅನ್ಬೇಡ."

ಅವಳು ಅವನ ಎದುರು ನಿಂತಳು.

"ಯಾಕೆ ತೆಗೆಸಿದ್ರಿ?"

"...ಆ ಕಂಪನಿ ನಿಮಗೆ ಸರಿಹೋಗಲ್ಲ."

"ನನ್ನ ಕೆಲಸದಲ್ಲಿ ತಪ್ಪಿದೆಯಾ?"

"ಇಲ್ಲ."

"ಮತ್ತೆ?"

ಅವನ ಕಿವಿ ಕೆಂಪಾಯಿತು. "ಬೇರೆ ಕೆಲಸ ಬರುತ್ತೆ. ಕಾಯಿರಿ."

"ಕಾಯೋದಾ? ನನ್ನಣ್ಣನೂ ಹೀಗೇ, 'ನಿನಗಾಗಲ್ಲ' ಅಂತಾನೆ. ಅವನಿಗಾದ್ರೂ ಎರಡು ಕಾಲು ನೆಟ್ಟಗಿದೆ, ಅರ್ಥ ಆಗಲ್ಲ. ನಿಮಗೇನಾಗಿದೆ?" ಅವಳ ದನಿ ಒಡೆಯಿತು. "ಇಷ್ಟು ದಿನ ನಗ್ತಾ ಮಾತಾಡಿದ್ದೆಲ್ಲ ಅಯ್ಯೋ ಪಾಪ ಅಂತಾನಾ...?"

ಊರುಗೋಲುಗಳ ಸದ್ದು ದೂರವಾಗುವವರೆಗೂ ಅವನು ಅಲ್ಲೇ ನಿಂತಿದ್ದ.

ಮರುದಿನ ಅವಳು ಯಾರಿಗೂ ಹೇಳದೆ ಸಂದರ್ಶನಕ್ಕೆ ಹೋದಳು. ಬಾಗಿಲಲ್ಲಿ ಅರ್ಧ ಗಂಟೆ ವಾದಿಸಿ ಒಳಗೆ ಹೊಕ್ಕಳು. ಲಿಫ್ಟಿನಲ್ಲಿ ಎರಡನೇ ಮಹಡಿ. ಪರೀಕ್ಷೆಯಲ್ಲಿ ಒಂದೇ ಒಂದು ತಪ್ಪು.

"ಸೋಮವಾರದಿಂದ ಬಂದುಬಿಡಮ್ಮ," ಎಂದರು ಮ್ಯಾನೇಜರು.

ಕುಣಿಯುವ ಕಾಲಿದ್ದಿದ್ದರೆ ಕುಣಿದುಬಿಡುತ್ತಿದ್ದಳು! ಆತಂಕಕ್ಕೆ ಬೆಳಗ್ಗೆಯಿಂದ ನೀರು ಕುಡಿದದ್ದೇ ಕುಡಿದದ್ದು. ಅಲ್ಲಿದ್ದ ಹೆಂಗಸೊಬ್ಬಳನ್ನು ಮೆಲ್ಲಗೆ ಕೇಳಿದಳು, "ಶೌಚಾಲಯ ಎಲ್ಲಿದೆ?"

"ಕೆಳಗೆ, ಹಿತ್ತಲಲ್ಲಿ. ಹುಷಾರು, ಮೆಟ್ಟಿಲು ಜಾರುತ್ತೆ."

ಲಿಫ್ಟಿನಲ್ಲಿ ಇಳಿದು ಹೋದರೆ ಹಿಂಬಾಗಿಲಲ್ಲಿ ಹನ್ನೊಂದು ಮೆಟ್ಟಿಲು. ಹಿಡಿಯಲು ಕಂಬಿ ಇಲ್ಲ. ಕೆಳಗೆ ಪಾಚಿಗಟ್ಟಿದ ಅಂಗಳ, ಅದರಾಚೆ ತಗಡಿನ ಬಾಗಿಲು. ಊರುಗೋಲು ಮೊದಲ ಮೆಟ್ಟಿಲಲ್ಲೇ ಜಾರಿತು. ಅವಳು ಗೋಡೆಗೆ ಒರಗಿ ನಿಂತುಬಿಟ್ಟಳು.

ಮಾಸ್ಟ್ರಿಗೆ ಇದು ಗೊತ್ತಿತ್ತು! ಗೊತ್ತಿದ್ದೂ... ಹೆಂಗಸಿನೆದುರು ಕಕ್ಕಸಿನ ಮಾತು ಹೇಳಲು ನಾಚಿಕೆ!

ಅವಳಿಗೆ ಅಳು ಬಂತು, ನಗುವೂ ಬಂತು. ಎರಡಕ್ಕೂ ಪುರಸೊತ್ತಿರಲಿಲ್ಲ. ತಿರುಗಿ ಮೇಲೆ ಹೋದಳು.

ಸಂಜೆ ಕೇಂದ್ರದಲ್ಲಿ ಅವನೊಬ್ಬನೇ ಕಂಪ್ಯೂಟರುಗಳಿಗೆ ಹೊದಿಕೆ ಹಾಕುತ್ತಿದ್ದ. ಹೆಜ್ಜೆ ಕೇಳಿ ಕೈ ನಿಲ್ಲಿಸಿದ.

"ಕೈ ಚಾಚಿ," ಎಂದಳು.

ಅಂಗೈಯಲ್ಲಿ ತಣ್ಣನೆಯದೇನೋ ಬಿತ್ತು. ಅವನು ಬೆರಳಾಡಿಸಿದ. "ಕೀಲಿ... ಯಾವುದರದು?"

"ಮ್ಯಾನೇಜರ್ ಸಾಹೇಬ್ರ ಕಕ್ಕಸಿನದು. ಎರಡನೇ ಮಹಡಿ. ಅವರೊಬ್ಬರೇ ಬೀಗ ಹಾಕ್ಕೊಂಡು ಬಳಸ್ತಿದ್ರು. ಒಂದು ಕೀಲಿ ಕೊಟ್ರೆ ಕೆಲಸಕ್ಕೆ ಬರ್ತೀನಿ ಅಂದೆ. ಹತ್ತು ಜನರೆದುರು. ಮೂರು ತಿಂಗಳು ನೋಡೋಣ ಅಂತ ಕೊಟ್ರು."

"ಹತ್ತು ಜನರೆದುರಾ...!"

"ಹ್ಞೂಂ. ನನಗೇನೂ ಆಗ್ಲಿಲ್ಲ. ನಿಮಗೆ ಒಬ್ಬಳೆದುರು ಹೇಳೋಕೆ ಆಗ್ಲಿಲ್ಲ."

ಅವನು ಕುರ್ಚಿ ತಡಕಿ ಕುಳಿತ.

"ಹೋದ ವರ್ಷ ಒಬ್ಬ ಹುಡುಗಿಯನ್ನ ಅಲ್ಲಿಗೆ ಕಳಿಸಿದ್ದೆ. ನಿಮ್ಮ ಹಾಗೇ ಊರುಗೋಲು. ಆ ಮೆಟ್ಟಿಲಿಗೆ ಹೆದರಿ ದಿನವಿಡೀ ನೀರೇ ಕುಡೀತಿರಲಿಲ್ಲವಂತೆ. ಮೂತ್ರಪಿಂಡ ಹಾಳಾಯ್ತು. ಇವತ್ತಿಗೂ ವಾರಕ್ಕೆರಡು ಸಲ ಆಸ್ಪತ್ರೆ. ಕಟ್ಟಡ ಹೇಗಿದೆ ಅಂತ ನಾನು ಒಂದು ಮಾತೂ ಕೇಳಿರಲಿಲ್ಲ... ಪಟ್ಟಿ ಓದಿಸುವಾಗ ನಿಮ್ಮ ಹೆಸರು ಕೇಳಿದ ತಕ್ಷಣ ತೆಗೆಸಿಬಿಟ್ಟೆ."

ಅವಳ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಅಲ್ಲೇ ಇತ್ತು.

"ಹೇಳಿದ್ರೆ ನಾನೇ ತೀರ್ಮಾನ ಮಾಡ್ತಿದ್ದೆ. ನನ್ನ ಬದಲು ನೀವು ಮಾಡಿದ್ರಿ. ಅದೇ ತಪ್ಪು."

"ತಪ್ಪು," ಎಂದ. ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ, "ಇನ್ನೊಂದನ್ನೂ ನಾನೊಬ್ಬನೇ ತೀರ್ಮಾನ ಮಾಡಿಬಿಟ್ಟಿದ್ದೆ."

"ಏನದು?"

"ನನ್ನ ಮನಸ್ಸಲ್ಲಿರೋದನ್ನ ನಿಮಗೆ ಹೇಳೋದೇ ಬೇಡ ಅಂತ. ಕುರುಡನ ಹೆಗಲ ಮೇಲೆ ಕುಂಟಿ ಅಂತ ಜನ ಆಡಿಕೊಳ್ತಾರೆ. ಕೆಲಸ ಸಿಕ್ಕಿದ ಮೇಲೆ ನಿಮಗೆ ಇನ್ನೂ ಒಳ್ಳೆಯವರು..."

"ನೋಡಿ, ಮತ್ತೆ ನನ್ನ ಬದಲು ಯೋಚನೆ! ನಿಮ್ಮ ಹೆಗಲು ಯಾರಿಗೆ ಬೇಕು ರೀ? ಕೇಳೋದಿದ್ರೆ ಬಾಯಿ ಬಿಟ್ಟು ನನ್ನನ್ನ ಕೇಳಿ."

ಅವನು ಎದ್ದು ನಿಂತ.

"ನನ್ನ ಜೊತೆ ಬಾಳ್ತೀರಾ?"

ಅವಳ ಎದೆಬಡಿತ ಅವನ ಕಿವಿಗೆ ಕೇಳಿಸಿರಬಹುದೇ? ಕೇಳಿಸಲಿ ಬಿಡು, ಅಂದುಕೊಂಡಳು.

"ಯೋಚನೆ ಮಾಡಿ ಹೇಳ್ತೀನಿ."

ಅವನ ಮುಖ ಇಳಿಯಿತು. "ಎಷ್ಟು ದಿನ...?"

"ಬಸ್‌ಸ್ಟಾಪ್ ಬರೋವರೆಗೆ. ನಡೀರಿ."

"ನಿಮ್ಮ ನಡಿಗೆಗೆ ಅರ್ಧ ಗಂಟೆ ಬೇಕು!"

"ಅವಸರ ಇದ್ರೆ ಆಟೋ ಹಿಡಿದು ಹೋಗಿ."

"ಇಲ್ಲಪ್ಪ," ಎಂದ ಅವನು, ಬಾಗಿಲು ತೆರೆದು ಹಿಡಿದು. "ನನಗೇನೂ ಅವಸರ ಇಲ್ಲ."