ಮಿರ್ತಾಳ ಹನ್ನೊಂದು ಕಳ್ಳಿ

"ರೀ, ನಿಲ್ಲಿಸ್ರಿ! ಹಾರೆ ಕೆಳಗಿಡ್ರಿ!"

ಕುರಿಗಳನ್ನು ಇಳಿಜಾರಲ್ಲೇ ಬಿಟ್ಟು ಮಿರ್ತಾ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದಿದ್ದಳು. ಬೇಲಿ ಹಾಕುವ ಅನಿಬಾಲ್ ಹನ್ನೊಂದನೆಯ ಗುಣಿಯಿಂದ ತಲೆಯೆತ್ತಿದ.

"ಯಾಕಮ್ಮ? ಗೂಟ ಇರೋ ಕಡೆಯೆಲ್ಲ ಕಂಬಕ್ಕೆ ಗುಣಿ ತೋಡು ಅಂದಿದ್ರು ಯಜಮಾನರು."

"ಅವರ ಗೂಟ ಆಚೆ ಇಳಿಜಾರಲ್ಲಿವೆ. ಇವು ನನ್ನವು, ನನ್ನ ಕಳ್ಳಿ ಗುರುತಿಗೆ ನೆಟ್ಟವು!"

ಅಂಗಿ ಗುಂಡಿಯಷ್ಟೇ ಇರುವ ಕಳ್ಳಿ ಅದು. ಉರುಗ್ವೆಯ ಆ ಹುಲ್ಲುಗಾವಲಲ್ಲಿ ಮಳೆ ಹೋದರೆ ನೆಲದೊಳಗೆ ಕುಗ್ಗಿ ಮಾಯ. ಬಿರುಬಿಸಿಲಲ್ಲಿ ಎರಡು ಗಂಟೆ ಹಳದಿ ಹೂ ಬಿಟ್ಟಾಗಷ್ಟೇ ಕಣ್ಣಿಗೆ ಬೀಳುತ್ತದೆ. ಈ ಗುಡ್ಡದಲ್ಲಿ ಎರಡೇ ಉಳಿದಿದ್ದವು. ಬಂಡೆಯ ಬಿರುಕಿನುದ್ದಕ್ಕೂ ಬೀಜ ಬಿತ್ತಿ, ಒಂಬತ್ತು ವರ್ಷ ಕಾದು, ಹನ್ನೊಂದು ಮಾಡಿದ್ದಳು. ಹೂ ಕಂಡಲ್ಲೆಲ್ಲ ಗುರುತಿಗೆ ಗೂಟ ನೆಟ್ಟವಳೂ ಅವಳೇ!

"ಕಣ್ಣು ಎಲ್ಲಿಟ್ಟಿದ್ರಿ? ಇನ್ನು ನನಗೆ ಮುಖ ತೋರಿಸಬೇಡಿ."

ಅವನು ತುಟಿಪಿಟಕ್ಕೆನ್ನಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

ಕಲ್ಲು ಮನುಷ್ಯ... ತಪ್ಪಾಯ್ತು ಅನ್ನೋಕೂ ಬಾಯಿಲ್ವಾ?

ಮೂರು ದಿನ ಗುಡ್ಡದ ಕಡೆ ತಿರುಗಿಯೂ ನೋಡಲಿಲ್ಲ ಮಹಾರಾಯತಿ. ನಾಲ್ಕನೆಯ ದಿನ ತಡೆಯಲಾರದೆ ಹೋದಳು.

ಅನಿಬಾಲ್ ಮಂಡಿಯೂರಿ ಕೂತಿದ್ದ. ಅಗೆದು ಹಾಕಿದ ಮಣ್ಣನ್ನೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬೆರಳಲ್ಲೇ ಆರಿಸಿದ್ದ. ಉಗುರ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಗುಣಿಗಳೆಲ್ಲ ಮುಚ್ಚಿದ್ದವು, ಮೇಲೆ ಪುಟ್ಟ ಪುಟ್ಟ ಕಳ್ಳಿಗಳು.

"ಒಂಬತ್ತು ಸಿಕ್ಕವು," ಅಂದ ತಲೆಯೆತ್ತದೆ. "ಎರಡು ಹಾರೆ ಏಟಿಗೇ ಹೋಗಿವೆ. ಬರಿಗೈಲಿ ಬಂದು ತಪ್ಪಾಯ್ತು ಅನ್ನೋಕೆ ಮುಖ ಇರಲಿಲ್ಲ."

"ಮತ್ತೆ ಬೇಲಿ ಕೆಲಸ?"

"ನಿಂತಿದೆ. ಯಜಮಾನರು ಬೈದ್ರು. ಬೈಲಿ ಬಿಡಿ."

ಮಿರ್ತಾಳ ಕಣ್ಣು ತುಂಬಿತು. ಈ ಕಳ್ಳಿ ನೋಡಿ ನಕ್ಕವರೇ ಎಲ್ಲ. ಅವಳ ಜೊತೆ ಮಣ್ಣಿಗೆ ಕೈಹಾಕಿದವನು ಇವನೊಬ್ಬನೇ.

ಅನಿಬಾಲ್ ಸೋರೆಬುರುಡೆಯಲ್ಲಿದ್ದ 'ಮಾತೆ' ಎಂಬ ಕಹಿ ಚಹಾ ಸೊಪ್ಪಿಗೆ ಬಿಸಿನೀರು ಹುಯ್ದು ಅವಳಿಗೆ ಕೊಟ್ಟ. ಕುಡಿದವರು 'ಉಪಕಾರ ಆಯ್ತು' ಅಂದರೆ ಇನ್ನು ಸಾಕು ಅಂತ. ಆಮೇಲೆ ಯಾರೂ ಹುಯ್ಯುವುದಿಲ್ಲ. ಆ ಸೀಮೆಯ ಪದ್ಧತಿ ಅದು.

ಅವಳಿಗೋ ಎದೆ ತುಂಬಾ ಅದೇ ಮಾತು. ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ಬುರುಡೆ ಸುಮ್ಮನೆ ವಾಪಸು ಕೊಟ್ಟಳು. ಅವನು ಮತ್ತೆ ಹುಯ್ದ. ಮತ್ತೆ ಸುಮ್ಮನೆ ಕೊಟ್ಟಳು. ಹೀಗೇ ಐದು ಸಲವಾಗಿ ನೀರೇ ಮುಗಿಯಿತು.

"ಇನ್ನೂ ಉಪಕಾರ ಆಯ್ತು ಅನ್ನಲಿಲ್ವಲ್ಲ ನೀವು?" ಅವನು ಅವತ್ತು ಮೊದಲ ಸಲ ಅವಳ ಮುಖ ನೋಡಿದ.

"ಬದುಕಿರೋವರೆಗೂ ಅನ್ನಲ್ಲ," ಅಂದಳು ಮಿರ್ತಾ. "ಹೋಗು, ನೀರು ಕಾಯಿಸು."