ಬಿಸಿಲೆಣ್ಣೆ

ಮೇ ತಿಂಗಳ ನಡುಹಗಲು. ರಾಯಚೂರಿನ ಹೊರವಲಯದ ಪಾಲಿಮರ್ ಸಂಶೋಧನಾ ಕೇಂದ್ರದ ಬಯಲಿನಲ್ಲಿ ಹಳೆಯ ಕಾರೊಂದು ಗಾಜು ಏರಿಸಿಕೊಂಡು ನಿಂತಿತ್ತು. ಹಿಂದಿನ ಬೇಸಿಗೆಯಿಂದಲೂ ಅದು ಅಲ್ಲೇ ಇತ್ತು. ಡಾ. ಇಂಚರಾ ಮಸ್ಕಿ ಕೈಗವಸು ತೊಟ್ಟು ಬಾಗಿಲು ತೆರೆದಾಗ ಒಲೆಯ ಬಾಯಿಂದ ಬಂದಂತೆ ಬಿಸಿ ಹೊರಗೆ ನುಗ್ಗಿತು. ನೋಡಲು ಬಂದವರು ಒಂದು ಹೆಜ್ಜೆ ಹಿಂದೆ ಸರಿದರು.

ಡ್ಯಾಶ್‌ಬೋರ್ಡಿನ ಎಡಭಾಗ ಬೂದು ಬಣ್ಣಕ್ಕೆ ತಿರುಗಿ, ಬತ್ತಿದ ಕೆರೆಯ ತಳದಂತೆ ಬಿರಿದಿತ್ತು. ಇಂಚರಾಳ ಹೊಸ ಲೇಪನ ಹಚ್ಚಿದ್ದ ಬಲಭಾಗ ಮಾತ್ರ ಇವತ್ತೇ ಅಂಗಡಿಯಿಂದ ತಂದಂತೆ ಕಪ್ಪಗೆ, ಮೆತ್ತಗೆ ಇತ್ತು. ಇಂಚರಾ ಬ್ಲೇಡಿನಿಂದ ಆ ನುಣುಪಾದ ಭಾಗದ ಮೇಲೆ ಉದ್ದಕ್ಕೆ ಒಂದು ಗೀರು ಎಳೆದಳು.

"ಚಹಾ ಕುಡಿದು ಬರೋಣ ಬರ್ರಿ" ಎಂದಳು.

ಅವರು ಚಹಾ ಮುಗಿಸಿ ಬರುವಷ್ಟರಲ್ಲಿ ಗೀರು ಕೂಡಿಕೊಂಡಿತ್ತು. ಸಾರಿಗೆ ಇಲಾಖೆಯ ಹಿರಿಯ ಪರೀಕ್ಷಕ ಪಾಲಾಕ್ಷ ಬೆರಳಿನಿಂದ ಸವರಿ ಹುಡುಕಿದರು, ಸಿಗಲಿಲ್ಲ. ಅವರ ಹಿಂದಿನಿಂದ ಐವತ್ತು ದಾಟಿದ ಹೆಂಗಸೊಬ್ಬಳು ಮುಂದೆ ಬಂದು, ಯಾರನ್ನೂ ಕೇಳದೆ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಇದನ್ನ ನನ್ನ ಗಾಡಿಗೂ ಹಚ್ತೀರೇನ್ರಿ ಮೇಡಂ?"

ಆಕೆ ಮೆಹರುನ್ನೀಸಾ. ದೇವದುರ್ಗದ ಕಡೆಯ ಹಳ್ಳಿಗಳಿಂದ ಮೂತ್ರಪಿಂಡ ಕೆಟ್ಟವರನ್ನು ಡಯಾಲಿಸಿಸ್‌ಗಾಗಿ ರಾಯಚೂರಿನ ಆಸ್ಪತ್ರೆಗೆ ಕರೆತರುವ ವ್ಯಾನು ಅವಳದು. ಅಷ್ಟರಲ್ಲಾಗಲೇ ದೇಶದಲ್ಲಿ ಒಳಗಾಳಿ ಪರೀಕ್ಷೆ ಎಂಬ ಕಾನೂನು ಬಂದಿತ್ತು. ಬಿಸಿಲಿಗೆ ಪುಡಿಯಾದ ಪ್ಲಾಸ್ಟಿಕ್ಕಿನ ಧೂಳು ಪ್ರಯಾಣಿಕರ ಶ್ವಾಸಕೋಶ ಸೇರುತ್ತದೆಂದು ಸಾಬೀತಾದ ಮೇಲೆ, ಒಳಭಾಗ ಉದುರುವ ಯಾವ ಗಾಡಿಗೂ ರಸ್ತೆಗಿಳಿಯಲು ಪರವಾನಗಿ ಇರಲಿಲ್ಲ. ಕಾನೂನು ಒಳ್ಳೆಯದೇ. ಆದರೆ ರಾಯಚೂರಿನ ಬಿಸಿಲು ಯಾವ ಗಾಡಿಯನ್ನೂ ಬಹಳ ಕಾಲ ಪಾಸಾಗಲು ಬಿಡುತ್ತಿರಲಿಲ್ಲ. ಒಬ್ಬೊಬ್ಬರಾಗಿ ಮಾಲೀಕರು ಗಾಡಿಗಳನ್ನು ತಂಪಿನ ಊರುಗಳಿಗೆ ಒಯ್ದರು. ಆ ದಾರಿಯಲ್ಲಿ ಉಳಿದದ್ದು ಮೆಹರಳ ವ್ಯಾನು ಒಂದೇ.

"ಹಚ್ಚೋಣ ಆಪಾ" ಎಂದಳು ಇಂಚರಾ.

ಪ್ಲಾಸ್ಟಿಕ್, ರೆಕ್ಸಿನ್, ರಬ್ಬರ್ ಎಲ್ಲವೂ ಉದ್ದುದ್ದ ಅಣುಸರಪಳಿಗಳ ಹೆಣಿಗೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ, ಅಂದರೆ ಕಣ್ಣಿಗೆ ಕಾಣದ ಆದರೆ ಚರ್ಮ ಸುಡುವ ಬೆಳಕು, ಈ ಸರಪಳಿಗಳನ್ನು ಕತ್ತರಿಸುತ್ತದೆ. ರೆಕ್ಸಿನ್ನನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಶ ಸೆಕೆಗೆ ಆವಿಯಾಗುತ್ತದೆ. ಆಮೇಲೆ ಸೀಟು ಸೆಟೆಯುತ್ತದೆ, ಸೀಳುತ್ತದೆ. ಅಲ್ಲಿಯವರೆಗಿನ ಲೇಪನಗಳೆಲ್ಲ ಬಿಸಿಲನ್ನು ತಡೆಯಲು ಹೊರಟವು. ತಡೆದು ತಡೆದು ತಾವೇ ಸವೆದುಹೋದವು. ಇಂಚರಾ ಬೇರೆ ದಾರಿ ಹಿಡಿದಳು. ರಾಯಚೂರು ಕೋಟೆಯ ಬಂಡೆಗಳ ಮೇಲೆ ಶತಮಾನಗಳಿಂದ ಬಿಸಿಲುಂಡು ಬದುಕಿರುವ ಕಲ್ಲುಹೂವನ್ನು, ಮಸಾಲೆಗೆ ಹಾಕುತ್ತೇವಲ್ಲ ಅದರ ಬಳಗದ್ದನ್ನೇ, ಅವಳು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಳು. ಅದರ ಬಣ್ಣದ ಅಣುವಿನಂಥದ್ದನ್ನು ಪ್ರಯೋಗಾಲಯದಲ್ಲಿ ಕಟ್ಟಿದಳು. ಈ ಅಣು ನೇರಳಾತೀತ ಕಿರಣವನ್ನು ನುಂಗಿ, ಅದೇ ಶಕ್ತಿಯಿಂದ ಕಡಿದ ಸರಪಳಿಗಳನ್ನು ಮತ್ತೆ ಗಂಟು ಹಾಕುತ್ತಿತ್ತು. ಕೂಸಿಗೆ ಎಣ್ಣೆ ಹಚ್ಚಿದಂತೆ ಅರಿವೆಯಿಂದ ತಿಕ್ಕಿದರೆ ಸಾಕು. ಅದಕ್ಕೆ ಉದ್ದನೆಯ ರಾಸಾಯನಿಕ ಹೆಸರಿತ್ತು. ಮೆಹರ್ ಮೊದಲ ದಿನವೇ ಬಿಸಿಲೆಣ್ಣೆ ಎಂದಳು, ಅದೇ ನಿಂತಿತು.

ಮರುವರ್ಷದ ಬೇಸಿಗೆ ಏರುತ್ತಿದ್ದಾಗ ಮೆಹರಳ ಫೋನು ಬಂತು.

"ಮೇಡಂ, ನಿಮ್ಮ ಎಣ್ಣಿ ಕೈ ಕೊಟ್ಟೈತ್ರಿ. ಸೀಟೆಲ್ಲ ಬೆಳ್ಳಗ ಬೂಜು ಬಂದಂಗ ಆಗೇತಿ. ನಮ್ಮ ಅಮರಮ್ಮನ ಕೈಗೆ ಸೀಟು ತರಚಿ ರಕ್ತ ಬಂತ್ರಿ."

ಅಮರಮ್ಮ ಆ ವ್ಯಾನಿನಲ್ಲಿ ಬರುವ ರೋಗಿ. ಡಯಾಲಿಸಿಸ್ ರೋಗಿಗೆ ಸೂಜಿ ಚುಚ್ಚಿಸಿಕೊಳ್ಳುವ ಆ ಕೈಯೇ ಜೀವ. ಮುಂದಿನ ವಾರವೇ ಒಳಗಾಳಿ ಪರೀಕ್ಷೆ. ಇಂಚರಾ ಬಯಲಿಗೆ ಓಡಿ ಹಳೆಯ ಕಾರನ್ನು ನೋಡಿದಳು. ಬಲಭಾಗ ಹಾಗೆಯೇ ಮಿನುಗುತ್ತಿತ್ತು. ಅದೇ ಎಣ್ಣೆ, ಅದೇ ಊರು. ಹಾಗಾದರೆ ತಪ್ಪಿದ್ದೆಲ್ಲಿ?

ಅವಳು ನೇರ ಆಸ್ಪತ್ರೆಗೆ ಹೋದಳು. ವ್ಯಾನು ಆವರಣದ ಬೇವಿನ ಮರದ ಬುಡಕ್ಕೆ ಅಂಟಿಕೊಂಡಂತೆ ನಿಂತಿತ್ತು. ಗಾಜುಗಳಿಗೆಲ್ಲ ಒಳಗಿನಿಂದ ಹಳೆ ಬಟ್ಟೆ ಹೊಲಿದ ದಪ್ಪನೆಯ ಕೌದಿ ಕಟ್ಟಿತ್ತು.

"ಇದೇನು ಆಪಾ?"

"ಮತ್ತೇನ್ರಿ? ಇಷ್ಟು ಚಲೋ ಎಣ್ಣಿ ಹಚ್ಚಿಸಿಕೊಂಡು ಬಿಸಲಿಗೆ ಬಿಡ್ಲೇನು? ವರ್ಷಾತು, ಎಲ್ಲಿ ಹೋದ್ರೂ ನೆರಳು ಹುಡುಕಿ ನಿಂದ್ರಸೀನಿ, ಓಡಸುವಾಗೂ ಹಿಂದಿನ ಕೌದಿ ಬಿಚ್ಚಿಲ್ಲ. ಮನ್ಯಾಗ ಕೂಸಿಗೂ ಹಿಂಗ ನೋಡಿಕೊಂಡಿಲ್ಲ."

ಇಂಚರಾ ಕೌದಿ ಸರಿಸಿ ಸೀಟು ಮುಟ್ಟಿದಳು. ಬಿಳಿ ಪದರ ಬೆರಳಿಗೆ ಅಂಟಿತು. ಅದನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಂತೆ ಅವಳಿಗೆ ಎಲ್ಲವೂ ಹೊಳೆಯಿತು. ರಾಯಚೂರಿನ ನೆರಳೂ ಒಂದು ಕಾದ ಕಾವಲಿಯೇ. ಸೆಕೆ ತನ್ನ ಕೆಡಿಸುವ ಕೆಲಸ ಮಾಡಿತ್ತು. ಕೂಡಿಸಲು ಬೇಕಾದ ಬೆಳಕು ಮಾತ್ರ ಒಳಗೆ ಬಂದಿರಲಿಲ್ಲ. ಕೆಲಸವಿಲ್ಲದ ಅಣುಗಳು ಮೇಲೆ ಬಂದು ಕೆನೆಗಟ್ಟಿದ್ದವು.

"ಎಣ್ಣಿ ಕೆಟ್ಟಿಲ್ಲ ಆಪಾ, ಉಪವಾಸ ಬಿದ್ದೈತಿ" ಎಂದಳು. "ಕೌದಿ ಬಿಚ್ರಿ. ಗಾಡಿ ಬಯಲಾಗ ನಿಂದ್ರಸ್ರಿ. ಪೂರಾ ಬಿಸಲು ಬೀಳಬೇಕು."

ಮೆಹರ್ ಅಲುಗಾಡಲಿಲ್ಲ. "ಗಾಡಿ ಓಡಸಾಕ ಹತ್ತಿದಾಗಿಂದ ಬಿಸಲಿಗೆ ಹೆದರಿ ಬಾಳೇ ಮಾಡೀನ್ರಿ. ಇದ್ದ ಸೀಟೂ ಸೀಳಿ ನಾಪಾಸಾದ್ರ ಈ ಮಂದಿ ಎಲ್ಲಿಗೆ ಹೋಗಬೇಕು?"

ಇಂಚರಾ ಆಸ್ಪತ್ರೆಯ ಜಗಲಿಯತ್ತ ತಿರುಗಿದಳು, ಅಲ್ಲಿ ವ್ಯಾನಿನ ರೋಗಿಗಳು ಕುಳಿತಿದ್ದರು. ತನ್ನ ಊಹೆ ತಪ್ಪಿದ್ದರೆ? ಹೆಸರು ಹೋದರೆ ತನ್ನದಷ್ಟೇ ಹೋಗುತ್ತದೆ, ಆದರೆ ಜಗಲಿಯ ಮೇಲೆ ಕುಳಿತವರ ಜೀವ ಈ ವ್ಯಾನಿಗೆ ಕಟ್ಟಿಕೊಂಡಿತ್ತು. "ನಾನೂ ನಿಮ್ಮ ಜೊತಿ ಇಲ್ಲೇ ಇರ್ತೀನಿ" ಎಂದಷ್ಟೇ ಹೇಳಿದಳು.

ಜಗಲಿಯಿಂದ ಅಮರಮ್ಮ, ಕೈಗೆ ಪಟ್ಟಿ ಸುತ್ತಿಸಿಕೊಂಡಿದ್ದ ಮುದುಕಿ, ಕೂಗಿ ಹೇಳಿದಳು: "ಹಪ್ಪಳ ಸುದ್ದಾ ಬಿಸಲಾಗ ಇಟ್ರನ ಹಪ್ಪಳ ಆಗ್ತಾವ. ಇಡಬೇ ಮೆಹರವ್ವ, ನಾವು ತಡೀತೀವಿ."

ಎಲ್ಲರೂ ನಕ್ಕರು. ಮೆಹರಳೂ ನಕ್ಕು, ಕಣ್ಣೊರೆಸಿಕೊಂಡು ಕೌದಿ ಬಿಚ್ಚಿದಳು. ವ್ಯಾನು ಬೆಂಕಿಯಂಥ ಬಯಲಿಗೆ ಬಂದು ನಿಂತಿತು.

ಸಂಜೆಯ ಹೊತ್ತಿಗೆ ಬಿಳಿ ಪದರ ತೆಳುವಾಯಿತು. ಆ ವಾರವಿಡೀ ಇಂಚರಾ ದಿನಾ ಬಂದು ಸೀಟಿಗೆ ಕೈಯಾಡಿಸಿ ನೋಡಿದಳು. ಸೀಳುಗಳ ಅಂಚುಗಳು ಮೆತ್ತಗಾಗಿ ಒಂದರತ್ತ ಒಂದು ಸರಿದು ಕೂಡಿಕೊಂಡವು. ಬಾಗಿಲಿನ ರಬ್ಬರ್ ಪಟ್ಟಿ ಮತ್ತೆ ಒತ್ತಿದರೆ ಪುಟಿಯತೊಡಗಿತು.

ಪರೀಕ್ಷೆಯ ದಿನ ಪಾಲಾಕ್ಷ ವ್ಯಾನನ್ನು ಮುಚ್ಚಿ, ಕಾಯಿಸಿ, ಒಳಗಿನ ಗಾಳಿಯನ್ನು ಯಂತ್ರಕ್ಕೆ ಎಳೆದುಕೊಂಡರು. ಧೂಳು ತೋರಿಸುವ ಗೆರೆ ತೆವಳಿತು, ನಿಂತಿತು, ಏರಲಿಲ್ಲ. ಯಂತ್ರದ ಮೇಲೆ ನಂಬಿಕೆ ಸಾಲದೆ ಅವರು ತಮ್ಮ ಬಿಳಿ ಕರವಸ್ತ್ರದಿಂದ ಸೀಟನ್ನು ಬಲವಾಗಿ ಉಜ್ಜಿದರು. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು.

"ಹೊಸಾ ಗಾಡಿಗಿಂತ ಚಲೋ ಐತಲ್ಲಬೇ ಇದು! ಹೋಗು, ಪಾಸು" ಎಂದರು.

ಮೆಹರ್ ವ್ಯಾನು ಹತ್ತಿ, ಮಾರುಕಟ್ಟೆ ದಾಟುವವರೆಗೂ ಹಾರ್ನ್ ಹೊಡೆಯುತ್ತಲೇ ಹೋದಳು. ಪಕ್ಕದಲ್ಲಿ ಕುಳಿತ ಇಂಚರಾ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು.

ಆಮೇಲೆ ತಡೆಯಿರಲಿಲ್ಲ. ದೇವದುರ್ಗ, ಲಿಂಗಸುಗೂರು, ಸಿಂಧನೂರಿನ ದಾರಿಗಳಿಗೆ ವ್ಯಾನುಗಳು ಮರಳಿದವು. ಗುಜರಿಗೆ ಹೋಗಬೇಕಿದ್ದ ಗಾಡಿಗಳು ಮತ್ತೆ ಮಂದಿಯನ್ನು ಹೊತ್ತವು. ರಾಜಸ್ಥಾನದಿಂದ, ಮರಳುಗಾಡಿನ ದೇಶಗಳಿಂದ ಜನ ಈ ವಿದ್ಯೆ ಕಲಿಯಲು ರಾಯಚೂರಿಗೆ ಬಂದರು. ಬಿಸಿಲೂರು ಎಂದು ಹೀಯಾಳಿಸಿಕೊಂಡಿದ್ದ ಊರು ಆ ಹೆಸರನ್ನೇ ರೈಲು ನಿಲ್ದಾಣದ ಬಾಗಿಲಲ್ಲಿ ದೊಡ್ಡದಾಗಿ ಬರೆಸಿತು.

ಯಾರೂ ಎಣಿಸದ ಇನ್ನೊಂದು ಬದಲಾವಣೆ ನಿಧಾನವಾಗಿ ಆಯಿತು. ಬಿಸಿಲು ಬೇಕಾದ ಗಾಡಿಗಳು ಬಯಲಿಗೆ ಹೋದವು, ಊರಿನ ಮರಗಳ ಬುಡ ಖಾಲಿಯಾಯಿತು. ಅಲ್ಲಿಗೆ ಸೌತೆಕಾಯಿ ಮಾರುವವರು ಬಂದರು, ಚಪ್ಪಲಿ ಹೊಲಿಯುವವರು ಬಂದರು. ಬಸ್ಸಿಗೆ ಕಾಯುವ ಬಸುರಿಯರು ಕಟ್ಟೆಯ ಮೇಲೆ ಕುಳಿತರು.

ವರ್ಷಗಳ ಮೇಲೆ ಇಂಚರಾ ಕಾಲೇಜು ಮಕ್ಕಳಿಗೆ ಹಳೆಯ ಊರಿನ ಚಿತ್ರಗಳನ್ನು ತೋರಿಸುತ್ತಿದ್ದಳು. ಒಂದು ಚಿತ್ರದಲ್ಲಿ, ಉರಿಬಿಸಿಲಿನ ರಸ್ತೆಯ ಪಕ್ಕ ಮರದ ಕೆಳಗೆ ಸಾಲಾಗಿ ಕಾರುಗಳು. ಅವುಗಳಾಚೆ ತಲೆಗೆ ಸೆರಗು ಹೊದ್ದು ನಿಂತ ಹೆಂಗಸರು. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

"ಮೇಡಂ, ಆಗಿನ ಮಂದಿ ನೆರಳು ಗಾಡಿಗೆ ಕೊಟ್ಟು ತಾವು ಬಿಸಲಾಗ ನಿಂದ್ರತಿದ್ರೇನ್ರಿ?"

"ಹೌದವ್ವ."

"ಯಾರೂ ಏನೂ ಅಂತಿರಲಿಲ್ಲೇನ್ರಿ?"

ಇಂಚರಾ ಚಿತ್ರದ ಹೆಂಗಸರತ್ತ ತಿರುಗಿದಳು. ತಾನೂ ಎಷ್ಟೋ ಮಧ್ಯಾಹ್ನ ಆ ಹೆಂಗಸರ ಮುಂದೆಯೇ ಹಾದು ಹೋಗಿದ್ದಳು.

"ಗಾಡಿ ಕೆಡತೈತಿ ಅನ್ನೋದಷ್ಟ ನಮ್ಮ ಕಣ್ಣಿಗೆ ಕಾಣತಿತ್ತು" ಎಂದಳು.