ಹೇಳಿಯೇ ಕದ್ದ ಟಗರು

ತಬಾಸ್ಕಿ, ಅಂದರೆ ಬಕ್ರೀದ್ ಹಬ್ಬಕ್ಕೆ ಇನ್ನು ನಾಲ್ಕೇ ದಿನ ಇತ್ತು. ಜೂನ್ ತಿಂಗಳ ಆ ಗುರುವಾರ ಬೆಳಿಗ್ಗೆ, ಡಕಾರ್ ನಗರದ ಮಗ್ಗುಲಿನ ಪಿಕಿನ್ ಬಡಾವಣೆಯ ಠಾಣೆಗೆ ಟ್ಯಾಕ್ಸಿ ಚಾಲಕ ಮಾಗತ್ ಗೇಯ್ ಏದುಸಿರು ಬಿಡುತ್ತ ಬಂದ. ತಾರಸಿಯ ಮೇಲೆ ಕಟ್ಟಿದ್ದ ಅವನ ಟಗರು ಹಿಂದಿನ ದಿನ ಮಧ್ಯಾಹ್ನದಿಂದ ಕಾಣೆಯಾಗಿತ್ತು. ಹಬ್ಬದ ಬೆಳಿಗ್ಗೆ ಟಗರಿಲ್ಲದ ಮನೆಯ ಯಜಮಾನ ಓಣಿಯಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ಇನ್ಸ್‌ಪೆಕ್ಟರ್ ವಾಲಿ ಫಾಯ್ ಅವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ವಾರ ಠಾಣೆಗೆ ಬಂದ ದೂರುಗಳಿಗೆಲ್ಲ ಕೊಂಬಿದ್ದವು.

“ಯಾರ ಮೇಲಾದ್ರೂ ಅನುಮಾನ ಇದೆಯಾ?”

“ಇದೆ ಸ್ವಾಮಿ. ಸೆಕ್ ಮನೆತನದವರ ಮೇಲೆ. ಹುಟ್ಟಿದಾಗಿಂದ!”

ಠಾಣೆ ಗೊಳ್ಳೆಂದಿತು. ಗೇಯ್ ಮನೆತನಕ್ಕೂ ಸೆಕ್ ಮನೆತನಕ್ಕೂ ಮುತ್ತಜ್ಜರ ಕಾಲದಿಂದ ಗೇಲಿಯ ನಂಟು. ಒಬ್ಬರನ್ನೊಬ್ಬರು ಗುಲಾಮ, ಹೊಟ್ಟೆಬಾಕ ಎಂದು ಬೈಯುವುದು ಅವರ ಹಕ್ಕು. ಅದಕ್ಕೆ ಸಿಟ್ಟಾದವನೇ ಸಣ್ಣವನು. ಫಾಯ್ ಸೆರೆರ್ ಜನಾಂಗದವರು, ಹೆಡ್ ಕಾನ್‌ಸ್ಟೇಬಲ್ ಹಮಾದಿ ಕಾನ್ ತುಕುಲೋರ್ ಜನಾಂಗದವನು. ಅವರಿಬ್ಬರ ನಡುವೆಯೂ ಅದೇ ನಂಟಿತ್ತು. ಕಾನ್ ಎಫ್‌ಐಆರ್‌ನಲ್ಲಿ ‘ಯಾರ ಮೇಲೂ ಅನುಮಾನವಿಲ್ಲ’ ಎಂದು ಬರೆದು ಸಹಿ ಹಾಕಿಸಿಕೊಂಡ.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ ಆಯಿತು. ಹಗ್ಗ ಕೊಯ್ದಿರಲಿಲ್ಲ, ಗಂಟು ಬಿಚ್ಚಿತ್ತು. ಮೆಟ್ಟಿಲ ಮೇಲೆ ಕಡಲೆಕಾಯಿ ಹೊಟ್ಟು ಅಲ್ಲಲ್ಲಿ ಉದುರಿತ್ತು. ಕರುವಿನಷ್ಟು ದೊಡ್ಡ ಪ್ರಾಣಿಯನ್ನು ಎಳೆದಾಡಿದ ಗುರುತು ಎಲ್ಲೂ ಇರಲಿಲ್ಲ.

“ಗೊತ್ತಿದ್ದವನ ಹಿಂದೆ ತಾನೇ ನಡ್ಕೊಂಡು ಹೋಗಿದೆ,” ಎಂದ ಕಾನ್.

ಕೆಳಮನೆಯ ಬಾಡಿಗೆದಾರಳು ಯಾಸಿನ್ ದಿನವಿಡೀ ಬಾಗಿಲಲ್ಲೇ ಕೂತು ಬೋಂಡ ಕರಿದು ಮಾರುವವಳು. ಅವಳ ಕಣ್ಣು ತಪ್ಪಿಸಿ ಬೆಕ್ಕೂ ಹೊರಬೀಳುವಂತಿರಲಿಲ್ಲ.

“ನಿನ್ನೆ ಕಳ್ಳರು, ಹೊರಗಿನವರು ಯಾರಾದ್ರೂ ಬಂದಿದ್ರಾ?”

“ಇಲ್ಲ ಸ್ವಾಮಿ. ಈ ಓಣಿಗೆ ಹೊರಗಿನವರು ಬಂದ್ರೆ ನಾಯಿಗಿಂತ ಮುಂಚೆ ನಾನೇ ಬೊಗಳ್ತೀನಿ.”

ಪಂಚರಾಗಿ ಇಬ್ಬರು ಬೇಕಿತ್ತು. ಪಕ್ಕದ ಓಣಿಯಲ್ಲಿ ಸಿಮೆಂಟ್ ಇಟ್ಟಿಗೆ ಎರಕ ಹೊಯ್ಯುವ ಬಿರಾಮ್ ಸೆಕ್ ತಾನಾಗಿಯೇ ಮುಂದೆ ಬಂದು ಸಹಿ ಹಾಕಿದ. ಪೆನ್ನು ವಾಪಸ್ ಕೊಡುತ್ತ, “ನಾನೇ ಕದ್ದದ್ದು. ಬರ್ಕೊಳ್ಳಿ,” ಎಂದ.

ಗೇಯ್ ತೊಡೆ ತಟ್ಟಿ ನಕ್ಕ. “ನೀನಾ? ನಿನ್ ಕೈಲಿ ಮೊಟ್ಟೆ ಕದಿಯೋಕೂ ಆಗಲ್ಲ ಕಣೋ ಗುಲಾಮ. ನೀನು ಕದ್ದಿದ್ರೆ ಇಷ್ಟೊತ್ತಿಗೆ ಅದು ನಿನ್ ಹೊಟ್ಟೇಲಿ ಮ್ಯಾ ಅಂತಿರೋದು!”

ಓಣಿಯೆಲ್ಲ ನಕ್ಕಿತು. ಫಾಯ್ ಅವರೂ ನಕ್ಕರು. ಬಿರಾಮ್ ಮಾತ್ರ ನಗಲಿಲ್ಲ. ಗೇಲಿಯಲ್ಲಿ ಪಳಗಿದವರು ತಾವು ನಗುವುದಿಲ್ಲ ಎಂದುಕೊಂಡು ಫಾಯ್ ಜೀಪು ಹತ್ತಿದರು.

ಶುಕ್ರವಾರ ಕುರಿಸಂತೆಗಳನ್ನು ಜಾಲಾಡಿದ್ದಾಯಿತು. ಹಳೇ ಕುರಿಗಳ್ಳರಿಬ್ಬರನ್ನು ಕರೆಸಿ ಕೂರಿಸಿದ್ದೂ ಆಯಿತು. ಏನೂ ಸಿಗಲಿಲ್ಲ.

ಶನಿವಾರ ಮಧ್ಯಾಹ್ನ ಠಾಣೆಯಲ್ಲಿ ಚಹಾ ಕಾಯುತ್ತಿತ್ತು. ಫಾಯ್ ಅವರ ಮುಂದಿಟ್ಟ ಲೋಟವನ್ನು ಕಾನ್ ಎತ್ತಿಕೊಂಡು ಒಂದೇ ಗುಟುಕಿಗೆ ಕುಡಿದ.

“ಸೆರೆರ್ ಗುಲಾಮನಿಗೆ ಚಹಾ ಯಾಕೆ? ಕದ್ದೆ, ನೋಡ್ಕೊಳ್ಳಿ.”

ಬೆಂಚಿನ ಮೇಲೆ ದೂರು ಕೊಡಲು ಬಂದವರು ಕೂತಿದ್ದರು. ಒಬ್ಬರೂ ಕತ್ತು ಹೊರಳಿಸಲಿಲ್ಲ. ಫಾಯ್ ಖಾಲಿ ಲೋಟವನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಬೆಂಚಿನ ತುದಿಯಲ್ಲಿದ್ದ ಮುದುಕನನ್ನು ಕೇಳಿದರು.

“ಅಜ್ಜ, ಇಲ್ಲಿ ಕಳ್ಳತನ ಆಯ್ತಾ?”

“ಎಲ್ಲಿ ಸ್ವಾಮಿ? ನಾನಂತೂ ನೋಡ್ಲಿಲ್ಲ.”

ಫಾಯ್ ಟೋಪಿ ಎತ್ತಿಕೊಂಡರು. ನೇರ ಯಾಸಿನ್ ಬಳಿಗೆ ಹೋಗಿ ಪ್ರಶ್ನೆಯನ್ನೇ ಬದಲಿಸಿದರು.

“ಬುಧವಾರ ಟಗರನ್ನ ಮೆಟ್ಟಿಲು ಇಳಿಸಿದ್ದು ಯಾರು?”

“ಬಿರಾಮ್. ‘ಕದೀತಿದೀನಿ, ಕದೀತಿದೀನಿ’ ಅಂತ ಕೂಗ್ಕೊಂಡೇ ಹೋದ. ಹಬ್ಬದ ಮುಂಚೆ ಸಮುದ್ರದಲ್ಲಿ ಮೈ ತೊಳೆಸೋಕೆ ಇರ್ಬೇಕು ಅಂದ್ಕೊಂಡೆ.”

“ಮತ್ತೆ ನಮಗ್ಯಾಕೆ ಹೇಳ್ಲಿಲ್ಲ?”

“ಅವನೇ ನಿಮ್ಮೆದುರಿಗೆ ಹೇಳಿದ್ನಲ್ಲ ಸ್ವಾಮಿ!”

ಫಾಯ್ ಕಾನ್‌ನನ್ನೂ ಕರೆಸಿಕೊಂಡು ಪಕ್ಕದ ಓಣಿಗೆ ಹೋಗಿ ಕದ ತಟ್ಟಿದರು. ಬಿರಾಮ್ ಕದ ತೆರೆದು ಪಕ್ಕಕ್ಕೆ ಸರಿದು ನಿಂತ. ಒಳಕೋಣೆಯಲ್ಲಿ ಒಂದು ಮಂಚ, ಗೋಡೆಗೆ ತೂಗುಬಿಟ್ಟ ಹೆಂಗಸಿನ ಉಡುಪು. ಮಂಚದ ಕಾಲಿಗೆ ಟಗರನ್ನು ಕಟ್ಟಲಾಗಿತ್ತು. ಮೈ ತೊಳೆದಿತ್ತು, ಮುಂದೆ ಮೇವಿತ್ತು. ಆ ಕೋಣೆ ಅವನ ಹೆಂಡತಿ ಪೆಂಡಾಳದು. ಅವಳು ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದಳು.

ಸುದ್ದಿ ಕೇಳಿ ಓಡಿಬಂದ ಗೇಯ್ ಟಗರಿನ ಕತ್ತು ತಬ್ಬಿಕೊಂಡ. ಹೋದ ಮಾನ ಮರಳಿ ಬಂದಿತ್ತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಅಯ್ಯೋ ನನ್ ಗುಲಾಮ! ಭಲೇ ತಮಾಷೆ ಮಾಡ್ದೆ! ಸ್ವಾಮಿ, ಕೇಸು ವಾಪಸ್. ಇವನ ಮೇಲೆ ದೂರು ಕೊಟ್ರೆ ನಮ್ಮಜ್ಜ ಗೋರಿಯಿಂದ ಎದ್ದು ಬರ್ತಾನೆ.”

“ತಮಾಷೆ ಅಲ್ಲ. ಕಳ್ಳತನ. ಬರ್ಕೊಳ್ಳಿ ಸ್ವಾಮಿ,” ಎಂದ ಬಿರಾಮ್.

“ಯಾಕೆ ಕದ್ದೆ?” ಫಾಯ್ ಕೇಳಿದರು.

ಬಿರಾಮ್ ಗೇಯ್ ಕಡೆ ತಿರುಗಿದ. “ಓಣಿ ಸೊಂಟದ ತನಕ ಮುಳುಗಿದ್ದ ದಿನ ನೆನಪಿದೆಯಾ? ನೀನು ದೊಡ್ಡ ರಸ್ತೇಲಿ ಗಾಡಿ ನಿಲ್ಸಿ ಸ್ನೇಹಿತರ ಜೊತೆ ಚಹಾ ಕುಡೀತಿದ್ದೆ. ನಾನು ನೀರಲ್ಲಿ ಬಿದ್ದು ಎದ್ದು ಬಂದೆ. ಪೆಂಡಾಗೆ ಉಸಿರು ಸಿಗ್ತಿಲ್ಲ, ಗಾಡಿ ತೆಗಿ ಅಂದೆ. ಏನಂದೆ ನೀನು?”

ಗೇಯ್ ಟಗರಿನ ಕತ್ತು ಬಿಟ್ಟು ಎದ್ದು ನಿಂತ.

“‘ಸೆಕ್ ಮನೇಲಿ ಉಸಿರು ಕಟ್ಟೋದು ಅನ್ನ ಜಾಸ್ತಿ ತಿಂದಾಗ, ಒಂದು ಗುದ್ದು ಕೊಡು’ ಅಂದೆ. ಎಲ್ರೂ ನಕ್ರು. ನಾನು ಅಳ್ತಿದ್ದೆ ಮಾಗತ್. ಮುಖ ಎಲ್ಲ ಮಳೆನೀರಾಗಿತ್ತು, ಯಾರಿಗೂ ಕಾಣ್ಲಿಲ್ಲ. ಕುದುರೆಗಾಡಿ ಹಿಡ್ಕೊಂಡು ವಾಪಸ್ ಬರೋಷ್ಟರಲ್ಲಿ ಅವಳು ಇರ್ಲಿಲ್ಲ.”

“ನಾನು... ನಿಜ ಅಂತ ಗೊತ್ತಿರ್ಲಿಲ್ಲ ಕಣೋ.”

“ಮೂವತ್ತು ವರ್ಷ ನಾನು ಆಡಿದ್ದೆಲ್ಲ ತಮಾಷೆ. ಸರಿ. ಆದ್ರೆ ಇದನ್ನೂ ತಮಾಷೆ ಅಂತ ಬಿಟ್ಟುಬಿಟ್ರೆ, ಅವತ್ತಿನದೂ ತಮಾಷೆ ಅಂತಾಯ್ತು. ಹಾಗಾಗಬಾರದು. ಬರ್ಕೊಳ್ಳಿ.”

ಫಾಯ್ ಜಪ್ತಿ ಪಂಚನಾಮೆಯನ್ನು ತಮ್ಮ ಕೈಯಾರೆ ಬರೆದರು. ‘ಆರೋಪಿ ಮೊದಲ ದಿನವೇ ತಪ್ಪೊಪ್ಪಿಕೊಂಡಿದ್ದಾನೆ. ತನಿಖಾಧಿಕಾರಿ ನಂಬಲಿಲ್ಲ’ ಎಂಬ ಸಾಲನ್ನೂ ಸೇರಿಸಿದರು. ಸಂಜೆ ಐದಕ್ಕೆ ಬಿರಾಮ್ ಸೆಕ್‌ನನ್ನು ಬಂಧಿಸಲಾಯಿತು. ಕೈಕೋಳ ಹಾಕಲಿಲ್ಲ.

ಜೀಪನ್ನು ಬೇರೆ ಕೆಲಸಕ್ಕೆ ಕಳಿಸಿದ್ದರು. ಗೇಯ್ ಟಗರನ್ನು ಅಲ್ಲೇ ಬಿಟ್ಟು ಓಡಿಹೋಗಿ ಟ್ಯಾಕ್ಸಿಯನ್ನು ಓಣಿಯ ಮರಳೊಳಗೆ ತಂದು ನಿಲ್ಲಿಸಿ ಹಿಂದಿನ ಬಾಗಿಲು ತೆರೆದ.

“ಹತ್ತು, ಬಿರಾಮ್,” ಎಂದ. ಅವನ ಬಾಯಲ್ಲಿ ಗುಲಾಮ ಎಂಬ ಮಾತು ಬರಲಿಲ್ಲ.

ಬಿರಾಮ್ ತೆರೆದ ಬಾಗಿಲನ್ನು ನೋಡಿದ.

“ಈಗ ಬೇಡ,” ಎಂದು ಕಾನ್ ಜೊತೆ ನಡೆಯತೊಡಗಿದ.

ಖಾಲಿ ಟ್ಯಾಕ್ಸಿ ಠಾಣೆಯ ತನಕ ಅವರ ಹಿಂದೆಯೇ ನಿಧಾನವಾಗಿ ಬಂತು.